ಗೀರಿಗೆ ಬಣ್ಣ, ಬಿರುಕಿಗೆ ಉದಾಸೀನ

ಶ್ರಾವಕರ ಮನೆಗೆ ಹೊಸ ಕಾರು ಬಂದ ದಿನ ಅದು ಮೊದಲು ಹೋಗಿ ನಿಲ್ಲುವುದು ಬಸದಿಯ ಮುಂದೆ. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ ಮೂಡುತ್ತದೆ, ಹೂಮಾಲೆ ಏರುತ್ತದೆ, ಕೆಲವೆಡೆ ಚಕ್ರಗಳಡಿಯಲ್ಲಿ ನಿಂಬೆಹಣ್ಣುಗಳನ್ನೂ ಇರಿಸಲಾಗುತ್ತದೆ. (ಏಕೇಂದ್ರಿಯ ಜೀವದ ವಿರಾಧನೆಗೂ ಪ್ರತಿಕ್ರಮಣ ಮಾಡುವ ಸಮಾಜದೊಳಗೆ ಈ ನಿಂಬೆಹಣ್ಣು ಹೇಗೆ ಉರುಳಿ ಬಂತೆಂಬುದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.) ತಿಂಗಳು ತುಂಬುವ ಮೊದಲೇ ಕುಟುಂಬವು ಅದೇ ಕಾರಿನಲ್ಲಿ ಬೆಂಗಳೂರಿನಿಂದ ಶ್ರವಣಬೆಳಗೊಳದ ಯಾತ್ರೆಗೆ ಹೊರಡುತ್ತದೆ. ನೆಲಮಂಗಲ, ಕುಣಿಗಲ್ ದಾಟಿ ಬೆಳ್ಳೂರು ಕ್ರಾಸಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮುಂದೆ ಒಂದು ಜಲ್ಲಿ ಲಾರಿ. ಅದರಿಂದ ಉದುರಿದ ಕಲ್ಲೊಂದು ಮುಂದಿನ ಗಾಜಿಗೆ ಬಡಿದು ಕಡಲೆಕಾಳಿನಷ್ಟು ಗುಳಿ ಮಾಡುತ್ತದೆ. ಮತ್ತೊಂದು ಬಾನೆಟ್ಟಿನ ಬಣ್ಣ ಕೀಳುತ್ತದೆ. ಇನ್ನಷ್ಟು ದೂರದಲ್ಲಿ ರಸ್ತೆಯ ಮೇಲೆ ಬಿದ್ದಿದ್ದ ಒಡೆದ ಟಯರಿನ ತುಂಡು ಬಂಪರಿನ ಕೆಳಗೆ ಸಿಲುಕಿ ಉದ್ದನೆಯ ಗೀರು ಎಳೆದು ಹೋಗುತ್ತದೆ. ವಾಹನವಿರುವ ಯಾವ ಮನೆಗೂ ಅಪರಿಚಿತವಲ್ಲದ ಪ್ರಸಂಗವಿದು.

ಮುಂದೆ ನಡೆಯುವುದೂ ಅಪರಿಚಿತವಲ್ಲ. ಗೊಮ್ಮಟೇಶ್ವರನ ಪಾದದಡಿ ಕುಳಿತಾಗಲೂ ಮನೆಯ ಯಜಮಾನರ ಚಿತ್ತ ಬಂಪರಿನ ಮೇಲಿರುತ್ತದೆ. ಊರಿಗೆ ಮರಳಿದ ಮರುದಿನವೇ ಕಾರು ಗ್ಯಾರೇಜಿಗೆ ಹೋಗುತ್ತದೆ. ಬಂಪರಿಗೆ ಹೊಸ ಬಣ್ಣ ಬೀಳುತ್ತದೆ, ಬಾನೆಟ್ ಪೂರ್ತಿ ಮರುಬಣ್ಣ ಕಾಣುತ್ತದೆ. ಗಾಜಿನ ಗುಳಿಯ ವಿಷಯ ಬಂದಾಗ ಮಾತ್ರ, ‘ಅದು ಅಷ್ಟೇನೂ ಕಾಣುವುದಿಲ್ಲ, ಮುಂದೆ ನೋಡಿದರಾಯಿತು’ ಎಂಬ ಉತ್ತರ. ಕಣ್ಣಿಗೆ ಕಾಣುವ ಹಾನಿಗೆ ಆತುರ, ಜೀವಕ್ಕೆ ಎರವಾಗಬಲ್ಲ ಹಾನಿಗೆ ಉದಾಸೀನ. ಸಮಾಜದ ಬಹುಪಾಲು ಮನೆಗಳಲ್ಲಿ ಈ ವಿಷಯದ ನಿರ್ಣಯ ತಲೆಕೆಳಗಾಗಿ ನಡೆಯುತ್ತಿದೆ ಎಂಬುದೇ ಇಲ್ಲಿಯ ಆಕ್ಷೇಪ.

ಕಾರಿನ ಗೀರಿಗೂ ಧರ್ಮಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವು ‘ಪ್ರಮಾದ’ ಎಂಬ ಒಂದೇ ಶಬ್ದದಲ್ಲಿದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಮಾದವನ್ನೇ ಅದರ ಮೂಲವಾಗಿ ಇಟ್ಟಿದ್ದಾರೆ. ಎಚ್ಚರಗೇಡಿಯಾಗಿ ವರ್ತಿಸಿದವನ ಕೈಯಿಂದ ಯಾವ ಜೀವಿಯೂ ಸಾಯದೆ ಉಳಿದರೂ ಅವನಿಗೆ ಹಿಂಸಾದೋಷ ತಪ್ಪದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ. ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಅಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದು ಅದರ ಸ್ವರೂಪ. ಅಂದರೆ ಮಾಡಬೇಕಾದ ದುರಸ್ತಿಯನ್ನು ಮಾಡದೆ ಬಿಡುವುದೂ ಪ್ರಮಾದವೇ, ಬೇಡದ ದುರಸ್ತಿಯನ್ನು ಮಾಡಿಸುವುದೂ ಪ್ರಮಾದವೇ. ಇವೆರಡರ ನಡುವಣ ಗೆರೆಯನ್ನು ಗುರುತಿಸಲು ವಾಹನದ ಕುರಿತು ಒಂದಿಷ್ಟು ತಿಳಿವಳಿಕೆ ಅವಶ್ಯ.

ಕಾರಿನ ಮುಂದಿನ ಗಾಜು ಒಂದೇ ಹಲಗೆಯಲ್ಲ. ಎರಡು ಗಾಜಿನ ಪದರಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಅದನ್ನು ಬೆಸೆದಿರುತ್ತಾರೆ. ಅಪಘಾತದಲ್ಲಿ ಗಾಜು ಚೂರಾಗಿ ಮುಖಕ್ಕೆ ಬಡಿಯದಿರುವುದು ಆ ಹಾಳೆಯಿಂದ. ಕಲ್ಲು ಬಡಿದ ಗುಳಿ ಸಾಮಾನ್ಯವಾಗಿ ಹೊರಪದರದಲ್ಲಿ ಮಾತ್ರ ಇರುತ್ತದೆ. ಅದು ಚಿಕ್ಕದಿರುವಾಗಲೇ, ಧೂಳು ನೀರು ಸೇರುವ ಮೊದಲೇ, ಅದರೊಳಗೆ ಅಂಟುದ್ರವ ತುಂಬಿಸಿ ಗಟ್ಟಿ ಮಾಡಿದರೆ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಬಿಟ್ಟರೆ ಹಗಲಿನ ಬಿಸಿಲು, ಒಳಗಿನ ಏಸಿಯ ತಂಪು, ಹಳ್ಳದ ಕುಲುಕಾಟ ಇವೆಲ್ಲ ಸೇರಿ ಒಂದು ದಿನ ಗುಳಿಯಿಂದ ಗೆರೆಯೊಂದು ಗಾಜಿನ ಉದ್ದಕ್ಕೂ ಹರಿಯುತ್ತದೆ. ರಾತ್ರಿ ಎದುರಿನಿಂದ ಬರುವ ದೀಪದ ಬೆಳಕು ಆ ಗೆರೆಯಲ್ಲಿ ಚದುರಿ ಚಾಲಕನ ಕಣ್ಣು ಕಟ್ಟುತ್ತದೆ. ಆ ಕ್ಷಣದಲ್ಲಿ ರಸ್ತೆ ದಾಟುವ ಮನುಷ್ಯನಾಗಲಿ ದನವಾಗಲಿ ನಾಯಿಯಾಗಲಿ ಅವನಿಗೆ ಕಾಣುವುದಿಲ್ಲ. ಆಗ ಆಗುವ ಹಿಂಸೆಯನ್ನು ಆಕಸ್ಮಿಕವೆಂದು ಕರೆಯಲು ಪೊಲೀಸರು ಒಪ್ಪಬಹುದು. ಮೇಲೆ ಹೇಳಿದ ಆಚಾರ್ಯರು ಒಪ್ಪುವುದಿಲ್ಲ.

ಟಯರಿನ ವಿಷಯವೂ ಹಾಗೆಯೇ. ಚೂಪು ಕಲ್ಲು ಅಥವಾ ಕಬ್ಬಿಣದ ತುಂಡು ಬಡಿದು ಟಯರಿನ ಪಕ್ಕದ ಗೋಡೆ ಉಬ್ಬಿದರೆ ಒಳಗಿನ ನೂಲಿನ ಹೆಣಿಗೆ ತುಂಡಾಗಿದೆಯೆಂದೇ ಅರ್ಥ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟಯರನ್ನೇ ಬದಲಿಸಬೇಕು. ‘ಹೊಸ ಟಯರು, ಇನ್ನೂ ಸಾವಿರ ಕಿಲೋಮೀಟರ್ ಓಡಿಲ್ಲ’ ಎಂಬ ಮರುಕದಿಂದ ಅದನ್ನೇ ಓಡಿಸುವವರಿದ್ದಾರೆ. ಎಂಜಿನ್ನಿನ ಕೆಳಗಿನ ಎಣ್ಣೆಯ ತೊಟ್ಟಿಗೆ ಪೆಟ್ಟು ಬಿದ್ದು ಎಣ್ಣೆ ತೊಟ್ಟಿಕ್ಕುತ್ತಿದ್ದರೆ, ದೀಪದ ಗಾಜು ಒಡೆದು ಬೆಳಕು ಓರೆಯಾಗಿದ್ದರೆ, ಅವನ್ನೂ ಕಾಯಿಸುವಂತಿಲ್ಲ. ಬಂಪರಿನ ಬಗ್ಗೆಯೂ ಒಂದು ವಿವೇಚನೆ ಬೇಕು. ಅದರ ಮೇಲಿನ ಗೀರು ಏನೂ ಮಾಡದು. ಆದರೆ ಕ್ಲಿಪ್ಪುಗಳು ಕಳಚಿ ಅದರ ಕೆಳಗಿನ ಹಲಗೆ ಜೋತಾಡುತ್ತಿದ್ದರೆ ಇಂದೋ ನಾಳೆಯೋ ಅದು ಹೆದ್ದಾರಿಯ ಮೇಲೆ ಬಿದ್ದು ಹಿಂದೆ ಬರುವ ಬೈಕು ಸವಾರನನ್ನು ಕೆಡವುತ್ತದೆ. ನಿನ್ನೆ ಪರರ ಕಸದಿಂದ ನೊಂದ ಕಾರು ಇಂದು ತಾನೇ ಕಸ ಚೆಲ್ಲುತ್ತದೆ.

ಇನ್ನು ಬಣ್ಣ. ಬಾನೆಟ್ಟಿನ ತಗಡಿನ ಮೇಲೆ ಒಂದರ ಮೇಲೊಂದು ಪದರಗಳಿರುತ್ತವೆ: ತುಕ್ಕು ತಡೆಯುವ ತಳದ ಲೇಪ, ಪ್ರೈಮರ್, ಬಣ್ಣ, ಅದರ ಮೇಲೆ ಹೊಳಪಿನ ಪಾರದರ್ಶಕ ಲೇಪ. ಕಲ್ಲಿನ ಪೆಟ್ಟು ಮೇಲಿನ ಪದರಗಳಲ್ಲೇ ನಿಂತಿದ್ದರೆ ತುಕ್ಕಿನ ಭಯವಿಲ್ಲ. ತಗಡಿನವರೆಗೂ ಇಳಿದಿದ್ದರೆ, ಅದರಲ್ಲೂ ಮೂಡುಬಿದಿರೆ, ಕಾರ್ಕಳ, ಮಂಗಳೂರಿನಂಥ ಮಳೆ ಮತ್ತು ತೇವದ ಊರುಗಳಲ್ಲಿ, ಅದನ್ನು ಬೇಗ ಮುಚ್ಚಲೇಬೇಕು. ಆದರೆ ಅದಕ್ಕೆ ಬೇಕಾದದ್ದು ಚಿಕ್ಕ ಶೀಶೆಯ ಟಚ್-ಅಪ್ ಬಣ್ಣ ಮತ್ತು ಕಡ್ಡಿಯಷ್ಟು ಕುಂಚ. ಮನೆಯ ಅಂಗಳದಲ್ಲೇ ಮುಗಿಯುವ ಕೆಲಸ. ಬಂಪರಾದರೋ ಪ್ಲಾಸ್ಟಿಕ್ಕಿನದು, ತುಕ್ಕು ಅದರ ಜಾತಕದಲ್ಲೇ ಇಲ್ಲ.

ಹೀಗಿದ್ದೂ ಪೂರ್ತಿ ಮರುಬಣ್ಣ ಮಾಡಿಸುವವರು ಆ ಕೆಲಸ ನಡೆಯುವ ಸ್ಥಳವನ್ನು ಒಮ್ಮೆ ನೋಡಬೇಕು. ಹೊಳಪಿನ ಲೇಪಕ್ಕೆ ಬೆರೆಸುವ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಸ್ಪ್ರೇ ಬಣ್ಣ ಹೊಡೆಯುವ ಕೆಲಸಗಾರರಿಗೆ ಅದರಿಂದ ಉಬ್ಬಸ ಹತ್ತುತ್ತದೆಂಬುದು ವೈದ್ಯಶಾಸ್ತ್ರದಲ್ಲಿ ಸ್ಥಿರಪಟ್ಟ ಸಂಗತಿ. ದೊಡ್ಡ ಷೋರೂಮುಗಳಲ್ಲಿ ಗಾಳಿ ಶೋಧಿಸುವ ಕೋಣೆಯೂ ಮುಖಕವಚವೂ ಇರಬಹುದು. ಅಗ್ಗದ ದರಕ್ಕಾಗಿ ಕಾರನ್ನು ಒಯ್ಯುವ ಬೀದಿಬದಿಯ ಶೆಡ್ಡಿನಲ್ಲಿ ಹದಿಹರೆಯದ ಹುಡುಗನೊಬ್ಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಆ ಮಂಜಿನಲ್ಲಿ ನಿಂತಿರುತ್ತಾನೆ. ಸಂಜೆ ಥಿನ್ನರ್ ಬೆರೆತ ತೊಳೆನೀರು ಚರಂಡಿಗೆ ಹೋಗುತ್ತದೆ. ಸೂರ್ಯಾಸ್ತದ ಮೊದಲು ಊಟ ಮುಗಿಸುವ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆತನ, ಬೆರಳುದ್ದದ ಗೀರು ಮರೆಯಾಗಲೆಂದು ಇಷ್ಟನ್ನೆಲ್ಲ ಮಾಡಿಸುತ್ತದೆ. ಇದು ಆರಂಭೀ ಹಿಂಸೆ, ಗೃಹಸ್ಥನಿಗೆ ಅನಿವಾರ್ಯವೆಂದು ಸಮಾಧಾನ ಹೇಳುವಂತಿಲ್ಲ. ಅನಿವಾರ್ಯತೆ ಎಲ್ಲಿದೆ? ಗೀರಿದ್ದರೂ ಕಾರು ಓಡುತ್ತದೆ, ನಿಲ್ಲುತ್ತದೆ, ಮಕ್ಕಳನ್ನು ಶಾಲೆಗೆ ಒಯ್ಯುತ್ತದೆ. ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂಬ ಹೆಸರಿರುವುದು ಇದಕ್ಕಾಗಿಯೇ.

ಮರುಮಾರಾಟದ ಬೆಲೆ ಕುಸಿಯುತ್ತದೆಂಬ ವಾದವೊಂದುಂಟು. ವ್ಯಾಪಾರಿ ಸಮಾಜದಲ್ಲಿ ಈ ವಾದಕ್ಕೆ ಗೌರವವೂ ಉಂಟು. ಆದರೆ ಹಳೆಯ ಕಾರು ಕೊಳ್ಳುವವರು ಇಂದು ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ಹಿಡಿದು ಬರುತ್ತಾರೆ. ಮೂಲ ಬಣ್ಣದ ಮೇಲಿನ ಕಲ್ಲೇಟು ಅವರಿಗೆ ರಸ್ತೆಯ ಸಹಜ ಗುರುತು. ಮರುಬಣ್ಣ ಕಂಡ ತಗಡೇ ಅಪಘಾತದ ಶಂಕೆ ಹುಟ್ಟಿಸುವುದು. ಉಳಿಯುವುದು ‘ಹೊಸದು ಹೊಸದಾಗಿಯೇ ಕಾಣಬೇಕು’ ಎಂಬ ಹಂಬಲ ಮಾತ್ರ. ಪರಿಗ್ರಹದ ಮೂಲ ಮೂರ್ಛೆಯಲ್ಲಿದೆಯೆಂದು ಶಾಸ್ತ್ರ ಹೇಳುವಾಗ ಸೂಚಿಸುವುದು ಇದೇ ಹಂಬಲವನ್ನು. ಕಾರುಗಳ ಸಂಖ್ಯೆಗೆ ಪರಿಮಾಣ ಹಾಕಿಕೊಂಡ ವ್ರತಿಗಳೂ ಒಂದು ಕಾರಿನ ಒಂದು ಗೀರಿಗಾಗಿ ರಾತ್ರಿ ನಿದ್ದೆಗೆಡುವುದುಂಟು.

ಎಲ್ಲಕ್ಕಿಂತ ಶೋಚನೀಯವಾದುದು ವಿಮೆಯ ಪ್ರಕರಣ. ನ್ಯಾಯವಾದ ಹಾನಿಗೆ ನ್ಯಾಯವಾಗಿ ಪರಿಹಾರ ಕೇಳುವುದರಲ್ಲಿ ದೋಷವಿಲ್ಲ, ಅದು ಕಂತು ಕಟ್ಟಿ ಪಡೆದ ಹಕ್ಕು. ಆದರೆ ಲೆಕ್ಕವನ್ನಾದರೂ ಸರಿಯಾಗಿ ಹಾಕಬೇಕಲ್ಲವೇ? ಕ್ಲೇಮು ಮಾಡದ ಮೊದಲ ವರ್ಷಕ್ಕೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ. ಮುಂದಿನ ವರ್ಷಗಳಲ್ಲಿ ಅದು 25, 35, 45 ಎಂದು ಏರಿ ಶೇ. 50ಕ್ಕೆ ಮುಟ್ಟುತ್ತದೆ. ಒಮ್ಮೆ ಕ್ಲೇಮು ಮಾಡಿದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. 8,000 ರೂಪಾಯಿಯ ಬಂಪರ್ ಬದಲಿಸಿದರೆಂದು ಇಟ್ಟುಕೊಳ್ಳಬಹುದು. ವಿಶೇಷ ರಕ್ಷಣೆಯಿಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಅರ್ಧ ಸವಕಳಿ ಕಳೆದು, ಕಡ್ಡಾಯ ಕಡಿತದ 1,000 ರೂಪಾಯಿಯನ್ನೂ ಕಳೆದರೆ ಕೈಗೆ ಬರುವುದು 3,000. ವಾರ್ಷಿಕ ಕಂತು 12,000 ಇದ್ದರೆ ಮೊದಲ ನವೀಕರಣದಲ್ಲೇ 2,400 ರೂಪಾಯಿ ರಿಯಾಯಿತಿ ಹೋಯಿತು. ಎರಡನೆಯದರಲ್ಲಿ ಶೇ. 25 ಸಿಗಬೇಕಾದಲ್ಲಿ 20 ಸಿಕ್ಕಿ ಇನ್ನೂ 600 ಹೋಯಿತು. ಬಂದ 3,000 ಅಲ್ಲಿಗೆ ಮುಗಿಯಿತು, ನಂತರದ ವರ್ಷಗಳದ್ದೆಲ್ಲ ಶುದ್ಧ ನಷ್ಟ.

ಈ ನಷ್ಟ ತಿಳಿದವರು ಕ್ಲೇಮು ಕೈಬಿಟ್ಟರೆ ಒಳಿತಾಗುತ್ತಿತ್ತು. ಅವರು ಹಿಡಿಯುವ ದಾರಿ ಬೇರೆ. ಹೇಗೂ ರಿಯಾಯಿತಿ ಹೋಗುತ್ತದೆ, ಇದ್ದಬದ್ದ ಗೀರುಗಳನ್ನೆಲ್ಲ ಒಂದೇ ಅರ್ಜಿಯಲ್ಲಿ ಸೇರಿಸಿಬಿಡಿ ಎಂದು ಗ್ಯಾರೇಜಿನವರು ಸಲಹೆ ಕೊಡುತ್ತಾರೆ. ಮುಂದಿನ ಕಲ್ಲೇಟು, ಕಳೆದ ವಾರ ಗೇಟಿಗೆ ಉಜ್ಜಿದ ಬಾಗಿಲು, ಹಿಂದಿನ ಮೂಲೆಯ ಗೀರು ಎಲ್ಲವೂ ಒಂದೇ ಘಳಿಗೆಯಲ್ಲಿ ಆದವೆಂದು ಕಥೆ ಹೆಣೆಯಲಾಗುತ್ತದೆ, ಯಜಮಾನರು ಸಹಿ ಹಾಕುತ್ತಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ. ಸುಳ್ಳು ಪತ್ರ ಬರೆಯುವುದು ಎಂಬುದೇ ಅದರ ಅರ್ಥ. ವಿಮೆಯ ಫಾರಮು ಅದರಿಂದ ಹೊರತಲ್ಲ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಉಪವಾಸವಿದ್ದವರ ಸಹಿಯೂ ಇಂಥ ಫಾರಮುಗಳ ಮೇಲೆ ಇರುತ್ತದೆ.

ಬಸದಿಗಳ ಟ್ರಸ್ಟುಗಳ ವಿಷಯದಲ್ಲಿ ಇದೇ ಪ್ರಶ್ನೆ ಇನ್ನಷ್ಟು ತೂಕದ್ದಾಗುತ್ತದೆ. ಕ್ಷೇತ್ರದ ಕಾರು ಅತಿಥಿಗಳನ್ನು ಕರೆತರಬೇಕಾದ್ದು, ಅದು ಅಂದವಾಗಿರಬೇಕೆಂದು ಕಾರ್ಯದರ್ಶಿಗಳು ವಾದಿಸುತ್ತಾರೆ. ವಾಹನದ ಗಾಜು, ಟಯರು, ಬ್ರೇಕುಗಳಿಗೆ ಟ್ರಸ್ಟು ತಡಮಾಡದೆ ವ್ಯಯಿಸಬೇಕು. ಆ ಕಾರಿನಲ್ಲಿ ಯಾತ್ರಿಕರು ಕೂರುತ್ತಾರೆ, ಚಾಲಕ ಸಂಬಳದ ಮನುಷ್ಯ, ‘ಗಾಜು ಬದಲಿಸಿ’ ಎಂದು ಗಟ್ಟಿಯಾಗಿ ಕೇಳುವ ಸ್ಥಿತಿಯಲ್ಲಿಲ್ಲ. ಆದರೆ ಬಣ್ಣದ ಬಿಲ್ಲು ‘ವಾಹನ ನಿರ್ವಹಣೆ’ ಎಂಬ ಕಾಲಮಿನಲ್ಲಿ ಅಡಗಿ ಕುಳಿತಾಗ, ಆ ಹಣವನ್ನು ನಿತ್ಯಪೂಜೆಗೋ ವಿದ್ಯಾರ್ಥಿನಿಲಯಕ್ಕೋ ಎಂದು ಕೊಟ್ಟ ದಾನಿ ಅದನ್ನು ನೋಡಲು ಬರುವುದಿಲ್ಲ. ಕೂಟಲೇಖಕ್ರಿಯೆಯ ಪಕ್ಕದಲ್ಲೇ ಶಾಸ್ತ್ರಕಾರರು ನ್ಯಾಸಾಪಹಾರವನ್ನು ಇಟ್ಟಿದ್ದಾರೆ: ನಂಬಿ ಇಟ್ಟವನು ಮರೆತ ಪಾಲನ್ನು ನೆನಪಿಸದೆ ಉಳಿಸಿಕೊಳ್ಳುವುದು. ಟ್ರಸ್ಟಿಗೆ ನ್ಯಾಸವೆಂಬ ಹೆಸರೂ ಇದೆಯೆಂಬುದನ್ನು ಪದಾಧಿಕಾರಿಗಳು ಗಮನಿಸಬೇಕು.

ಇಷ್ಟೆಲ್ಲ ಚರ್ಚೆಯಲ್ಲಿ ಆ ಕಲ್ಲು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಶ್ವೇತಾಂಬರ ಪರಂಪರೆಯಲ್ಲಿ ಪ್ರಸಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ನೆಲ ಒಡೆಯುವ ಸ್ಫೋಟಕರ್ಮವೂ ಬಾಡಿಗೆಗೆ ಗಾಡಿ ಹೊಡೆಯುವ ಭಾಟಕಕರ್ಮವೂ ಸೇರಿವೆ. ಇಂದು ಅವನ್ನು ಪೂರ್ತಿ ತೊರೆಯಿರೆಂದರೆ ಯಾರೂ ಕೇಳಲಾರರು. ಜಲ್ಲಿ, ಮರಳು, ಕಟ್ಟಡ ಸಾಮಗ್ರಿಗಳ ವ್ಯಾಪಾರವನ್ನೂ ಲಾರಿ ಸಾಗಣೆಯನ್ನೂ ನಡೆಸುವ ಮನೆತನಗಳು ಸಮಾಜದಲ್ಲಿವೆ, ಬಸದಿಗಳ ಜೀರ್ಣೋದ್ಧಾರಕ್ಕೆ ಉದಾರವಾಗಿ ಕೊಟ್ಟವರೂ ಅವರಲ್ಲಿದ್ದಾರೆ. ಉದ್ಯೋಗೀ ಹಿಂಸೆ ಗೃಹಸ್ಥನಿಗೆ ತಪ್ಪದು, ನಿಜ. ಆದರೆ ಅಂಚು ಮೀರಿ ಜಲ್ಲಿ ಪೇರಿಸುವುದು, ಮೇಲೆ ಟಾರ್ಪಾಲು ಹೊದಿಸದಿರುವುದು, ಹಿಂಬಾಗಿಲ ಕೊಂಡಿ ಸಡಿಲಾಗಿದ್ದರೂ ಲಾರಿಯನ್ನು ರಸ್ತೆಗೆ ಬಿಡುವುದು ಯಾವ ಉದ್ಯೋಗಕ್ಕೂ ಅನಿವಾರ್ಯವಲ್ಲ. ಹೀಗೆ ಉದುರಿದ ಕಲ್ಲು ಕಾರಿನ ಬಣ್ಣವನ್ನಷ್ಟೇ ಕೀಳುವುದಿಲ್ಲ. ಚಾತುರ್ಮಾಸ ಮುಗಿಸಿ ವಿಹಾರ ಹೊರಟ ಮುನಿಸಂಘ ಇದೇ ಹೆದ್ದಾರಿಯ ಅಂಚಿನಲ್ಲಿ, ಈರ್ಯಾಸಮಿತಿಯಿಂದ ನೆಲ ನೋಡುತ್ತ, ಬರಿಗಾಲಲ್ಲಿ ನಡೆಯುತ್ತದೆ. ಒಂದು ಟಾರ್ಪಾಲನ್ನು ಲಾರಿಗೆ ಬಿಗಿಯಲು ಕೂಲಿಯವನಿಗೆ ಕೆಲವೇ ನಿಮಿಷಗಳು ಸಾಕು. ಮುಂಜಾನೆ ಕ್ರಷರಿನ ಗೇಟಿನಲ್ಲಿ ನಿಂತು ಅದನ್ನು ಬಿಗಿಸಿ ಕಳಿಸಬೇಕಾದವರು ಲಾರಿಯ ಯಜಮಾನರು.