ಒಂದು ಡೊಂಕು, ಎರಡು ತೊಡಕು

ಲಂಡನ್ನಿನ ಬ್ಯಾಂಕ್ ನಿಲ್ದಾಣದಲ್ಲಿ ಸೆಂಟ್ರಲ್ ಮಾರ್ಗದ ಸುರಂಗ ರೈಲಿಗೆ ಕಾದು ನಿಂತವರಿಗೆ ಎರಡು ಸಂಗತಿಗಳು ತಪ್ಪದೆ ಅನುಭವಕ್ಕೆ ಬರುತ್ತವೆ. ಒಂದು, ಗಾಡಿ ಬರುವಾಗ ಕಿವಿಯನ್ನಿರಿಯುವ ಕೀರಲು ಧ್ವನಿ. ಇನ್ನೊಂದು, ಗಾಡಿ ನಿಂತ ಮೇಲೆ ಅದರ ಬಾಗಿಲಿಗೂ ಪ್ಲಾಟ್‌ಫಾರಮ್ಮಿಗೂ ನಡುವೆ ಬಾಯ್ದೆರೆಯುವ ಸಂದು. ಸಂದನ್ನು ನೋಡಿಕೊಂಡು ಹೆಜ್ಜೆಯಿಡಿರೆಂದು ಲಂಡನ್ನಿನ ಸುರಂಗ ರೈಲಿನವರು ೧೯೬೮ರಿಂದ ಧ್ವನಿಮುದ್ರಿಕೆಯ ಮೂಲಕ ಸಾರುತ್ತ ಬಂದಿದ್ದಾರೆ. ನಡೆಯಬಲ್ಲವರಿಗೆ ಎಚ್ಚರಿಕೆ ಸಾಕು. ಗಾಲಿಕುರ್ಚಿಯಲ್ಲಿ ಕುಳಿತವರು ಆ ಎಚ್ಚರಿಕೆಯನ್ನು ಕೇಳಿ ಮಾಡುವುದೇನು?

ಗದ್ದಲವನ್ನು ಒಂದು ದೂರೆಂದೂ ಅಂಗವಿಕಲರ ಕಷ್ಟವನ್ನು ಬೇರೊಂದು ದೂರೆಂದೂ ಎಣಿಸುವುದು ವಾಡಿಕೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಈ ನಿಲ್ದಾಣದ ಮಟ್ಟಿಗಂತೂ ಎರಡರ ಬೇರೂ ಒಂದೇ; ಅದು ಹಳಿಯ ಡೊಂಕು. ೧೯೦೦ರಲ್ಲಿ ತೆರೆದ ಈ ಮಾರ್ಗವು ಮೇಲಿನ ಬೀದಿಗಳ ತಿರುವುಗಳನ್ನೇ ಬಹುಮಟ್ಟಿಗೆ ಅನುಸರಿಸಿ ಸಾಗುತ್ತದೆ.

ಸಂದಿನ ಕಾರಣವನ್ನು ಶಾಲೆಯ ರೇಖಾಗಣಿತವೇ ತಿಳಿಸುತ್ತದೆ. ಹಳಿ ಬಾಗಬಹುದು, ಪ್ಲಾಟ್‌ಫಾರಂ ಬಾಗಬಹುದು, ಆದರೆ ಗಾಡಿಯ ಮೈ ಬಾಗಲಾರದು. ಹದಿನಾರು ಮೀಟರ್ ಉದ್ದದ ಗಾಡಿಯೊಂದು ನೂರು ಮೀಟರ್ ತ್ರಿಜ್ಯದ ವೃತ್ತದಲ್ಲಿ ಜ್ಯಾ ರೇಖೆಯಂತೆ ನಿಂತಿದೆಯೆಂದು ಭಾವಿಸಿ. ೧೬ರ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ, ಎಂದರೆ ೮೦೦ರಿಂದ ಭಾಗಿಸಿದರೆ, ಜ್ಯಾ ರೇಖೆಯ ನಡುವಿಗೂ ಕಂಸಕ್ಕೂ ಇರುವ ಅಂತರ ದೊರೆಯುತ್ತದೆ. ಅದು ೩೨ ಸೆಂಟಿಮೀಟರ್! ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಇದರೊಳಗೆ ಸಲೀಸಾಗಿ ಇಳಿದುಹೋಗುತ್ತವೆ.

ಇನ್ನು ಕೀರಲು ಧ್ವನಿಯ ವಿಚಾರ. ಗಾಡಿಯ ಅಡಿಯಲ್ಲಿ ಎರಡೆರಡು ಅಚ್ಚುಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಒಂದೇ ಚೌಕಟ್ಟಿಗೆ ಬಿಗಿದಿರುತ್ತಾರೆ. ಕಡಿದಾದ ತಿರುವಿನಲ್ಲಿ ಅವು ಹಳಿಯ ಬಾಗಿಗೆ ಸರಿಯಾಗಿ ಹೊರಳಲಾರವು. ಆದುದರಿಂದ ಗಾಲಿಯು ಉರುಳುತ್ತಲೇ ಅಡ್ಡಲಾಗಿಯೂ ಜಾರಬೇಕಾಗುತ್ತದೆ. ಅಂಟಿಕೊಳ್ಳುವುದು, ಜಾರುವುದು, ಮತ್ತೆ ಅಂಟಿಕೊಳ್ಳುವುದು. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ಸಂಗೀತ ಮಾತ್ರ ಹೊರಡದು. ಸುರಂಗದ ವ್ಯಾಸ ಮೂರೂವರೆ ಮೀಟರಿನ ಆಸುಪಾಸು. ಧ್ವನಿಗೆ ಚದರಲು ಎಡೆಯಿಲ್ಲ. ಈ ಮಾರ್ಗದ ಗಾಡಿಗಳಲ್ಲಿ ಹವಾನಿಯಂತ್ರಣವಿಲ್ಲದ್ದರಿಂದ ಕಿಟಕಿಗಳನ್ನೂ ತೆರೆದೇ ಇಡಬೇಕು. ಹೀಗೆ ಒಳಗೆ ನೂರು ಡೆಸಿಬೆಲ್ ಮೀರಿದ ಗದ್ದಲವನ್ನು ಅಳೆದಿದ್ದಾರೆ.

ಕಣ್ಣುಳ್ಳವರು ಈ ಗದ್ದಲವನ್ನು ಹೇಗೋ ಸಹಿಸಿ ಗೋಡೆಯ ಮೇಲಿನ ಹೆಸರನ್ನು ಓದಿ ಇಳಿಯುತ್ತಾರೆ. ಅಂಧ ಪ್ರಯಾಣಿಕನಿಗೆ ನಿಲ್ದಾಣದ ಹೆಸರು ಕಿವಿಯ ಮೂಲಕವೇ ಬರಬೇಕು. ಶ್ರವಣಯಂತ್ರ ಧರಿಸಿದವರಿಗಾದರೋ ಮಾತೂ ಗದ್ದಲವೂ ಒಟ್ಟಿಗೇ ದೊಡ್ಡದಾಗುತ್ತವೆ. ಕಿವಿಯನ್ನೇ ನಂಬಿದವರಿಗೆ ಗದ್ದಲವೆಂಬುದು ಮೆಟ್ಟಿಲಿನಷ್ಟೇ ಗಟ್ಟಿಯಾದ ಅಡ್ಡಗೋಡೆ.

ಎರಡನ್ನೂ ಬೇರೆಬೇರೆಯಾಗಿ ನೋಡುವುದರ ಫಲವೇನೆಂಬುದಕ್ಕೆ ಲಂಡನ್ನಿನಲ್ಲೇ ನಿದರ್ಶನವುಂಟು. ಸುರಂಗದ ಮೇಲಿನ ಮನೆಗಳವರು ನೆಲದ ಕಂಪನವನ್ನು ಕುರಿತು ದೂರಿದರು. ಅದನ್ನು ತಗ್ಗಿಸಲು ಕೆಲವೆಡೆ ಹಳಿಗಳನ್ನು ರಬ್ಬರಿನ ಮೆತ್ತನೆಯ ಹಿಡಿಗಳಲ್ಲಿ ಕೂರಿಸಿದರು. ಮನೆಗಳ ಕಂಪನ ಇಳಿಯಿತು. ಆದರೆ ನೆಲಕ್ಕೆ ಹರಿಯದ ಕಂಪನ ಹಳಿಯಲ್ಲೇ ಉಳಿದು, ಹಳಿಯು ಇನ್ನಷ್ಟು ಸಡಿಲವಾಗಿ ಅದುರಿ, ಸದ್ದನ್ನು ಸುರಂಗದೊಳಕ್ಕೆ ತುಂಬಿತು! ೨೦೧೯ರಲ್ಲಿ ಚಾಲಕರ ಒಂದು ಸಂಘವು ಈ ಗದ್ದಲದ ವಿರುದ್ಧ ಮುಷ್ಕರಕ್ಕೂ ಸಿದ್ಧವೆಂದು ಮತ ಹಾಕಿತು. ದೂರು ಕೊಟ್ಟವರಿಗೆ ನ್ಯಾಯ ದೊರೆತುದು ಸಂತೋಷವೇ. ಅದರ ಬೆಲೆಯನ್ನು ತೆರುವವರು ಯಾರೆಂದು ಮೊದಲೇ ಅಳೆದು ನೋಡಬೇಕಾಗಿತ್ತು.

೨೭೨ ನಿಲ್ದಾಣಗಳ ಪೈಕಿ ಬೀದಿಯಿಂದ ಮೆಟ್ಟಿಲಿಲ್ಲದೆ ಪ್ಲಾಟ್‌ಫಾರಂ ತಲುಪಬಹುದಾದವು ಇಂದಿಗೂ ಮೂರನೆಯ ಒಂದು ಪಾಲಿನಷ್ಟೇ. ಹಳೆಯ ಸುರಂಗಗಳನ್ನು ನೆಟ್ಟಗೆ ಮಾಡಲಾಗದು, ನಿಜ. ಆದರೆ ೧೯೯೯ರಲ್ಲಿ ಜೂಬಿಲಿ ಮಾರ್ಗವನ್ನು ವಿಸ್ತರಿಸಿದಾಗ ಎಲ್ಲ ಹೊಸ ನಿಲ್ದಾಣಗಳಿಗೂ ಲಿಫ್ಟನ್ನೂ ನೆಲದಡಿಯ ಪ್ಲಾಟ್‌ಫಾರಮ್ಮುಗಳಿಗೆ ಅಂಚಿನ ಬಾಗಿಲುಗಳನ್ನೂ ನಕ್ಷೆಯಲ್ಲೇ ಸೇರಿಸಿದ್ದರು. ಹಳೆಯ ಮಾರ್ಗಗಳಲ್ಲಿ ಉಳಿದಿರುವ ಉಪಾಯಗಳು ಸರಳ: ಸವೆದು ಅಲೆಅಲೆಯಾದ ಹಳಿಯನ್ನು ಆಗಾಗ ಉಜ್ಜಿ ನಯಮಾಡುವುದು, ತಿರುವುಗಳಲ್ಲಿ ಜಾರಿಕೆಯನ್ನು ಹದಗೊಳಿಸುವ ಲೇಪ ಹಚ್ಚುವುದು, ಸಂದಿಗೆ ಹಾಸುವ ಹಲಗೆಯನ್ನೂ ಅದನ್ನು ಹಾಸುವ ಆಳನ್ನೂ ಸಿದ್ಧವಾಗಿರಿಸುವುದು. ಇವುಗಳನ್ನು ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ. ಹಳಿಯ ಹಿಡಿಯನ್ನು ಬದಲಾಯಿಸುವ ಇಂಜಿನಿಯರು ಮೇಲಿನ ಮನೆಯಲ್ಲಿ ಇಡುವ ಮಾಪಕವನ್ನೇ ಗಾಡಿಯೊಳಗೆ ಅಂಧನೊಬ್ಬನು ಕೂರುವ ಆಸನದ ಪಕ್ಕದಲ್ಲೂ ಇಡಲಿ.