ಮುಖಕ್ಕೆ ಹಚ್ಚುವುದೂ ಔಷಧವೇ, ಚೀಟಿ ಇಲ್ಲದೆ ಮಾರಬೇಡಿ

ಮೂವತ್ತು ದಾಟಿದ ಕೂಡಲೇ ಕಣ್ಣಂಚಿನಲ್ಲಿ ಗೆರೆ ಮೂಡಿದರೆ ಅದನ್ನು ಕಡಿಮೆ ಮಾಡಿಕೊಳ್ಳಬೇಕು ಅನ್ನಿಸುವುದು ತಪ್ಪಲ್ಲ. ‘ಹೊಲಕ್ಕೆ ಹೋಗೋಳಿಗೆ ಯಾಕಮ್ಮ ಈ ಶೋಕಿ’ ಎಂದು ನಗುವವರ ಜೊತೆ ನಾವಿಲ್ಲ. ಮುಖ ಬೇಗ ಸುಕ್ಕುಗಟ್ಟಲು ದೊಡ್ಡ ಕಾರಣ ಬಿಸಿಲು. ನಾಟಿ, ಕಳೆ, ಕೊಯ್ಲು ಎಂದು ದಿನವಿಡೀ ಬಿಸಿಲಲ್ಲಿ ಬಾಗಿ ದುಡಿಯುವವರಿಗೆ ಅದಕ್ಕೆ ಔಷಧ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚೇ ಇದೆ.

ನಮ್ಮ ತಕರಾರು ಕೇಳುವವರ ಮೇಲಲ್ಲ, ಚೀಟಿ ನೋಡದೆ ಕೊಡುವವರ ಮೇಲೆ.

ಸುಕ್ಕಿಗೆ ನಿಜವಾಗಿ ಕೆಲಸ ಮಾಡುವ ಕ್ರೀಮ್ ಇದೆ. ಅದರ ಹೆಸರು ಟ್ರೆಟಿನಾಯಿನ್, ‘ಎ’ ವಿಟಮಿನ್ ಜಾತಿಯ ಔಷಧ. ಮೊದಲು ಮೊಡವೆಗೆ ಬಳಸುತ್ತಿದ್ದರು. ಬಿಸಿಲಿಗೆ ಹಾಳಾದ ಚರ್ಮಕ್ಕೂ ಒಳ್ಳೆಯದು ಎಂದು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು 1986ರಲ್ಲಿ ಬರೆದರು. 1995ರಲ್ಲಿ ಅಲ್ಲಿನ ಸರ್ಕಾರ ಸಣ್ಣ ಸುಕ್ಕಿಗೆ ಇದನ್ನು ಒಪ್ಪಿತು. ಚರ್ಮದೊಳಗೆ ಬಿಗಿ ಕೊಡುವ ಕೊಲಾಜೆನ್ ಮತ್ತೆ ಹುಟ್ಟಲು ಇದು ನೆರವಾಗುತ್ತದೆ. ಆದರೆ ಫಲ ಕಾಣಲು ತಿಂಗಳುಗಳು ಬೇಕು. ಮೊದಲ ವಾರಗಳಲ್ಲಿ ಮುಖ ಕೆಂಪಾಗುತ್ತದೆ, ಉರಿಯುತ್ತದೆ, ಸಿಪ್ಪೆ ಏಳುತ್ತದೆ. ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು ಹಚ್ಚಬೇಕು. ಹಗಲು ಬಿಸಿಲಿನಿಂದ ಮುಖ ಕಾಯಬೇಕು. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಹಚ್ಚಬಾರದು.

ಇಷ್ಟು ಷರತ್ತು ಇರುವ ಔಷಧವನ್ನು ‘ರಾತ್ರಿ ಹಚ್ಕೊಳ್ಳಿ, ಸರಿ ಹೋಗುತ್ತೆ’ ಎಂಬ ಒಂದೇ ಮಾತಿನಲ್ಲಿ ಕೊಟ್ಟು ಕಳಿಸಿದರೆ ಹೇಗೆ? ಬೆಳಿಗ್ಗೆ ಅದೇ ಮುಖ ಹೊತ್ತು ಆಕೆ ಸೂರ್ಯನ ಕೆಳಗೆ ಎಂಟು ಗಂಟೆ ನಿಲ್ಲಬೇಕು. ಹೊಟ್ಟೆಯಲ್ಲಿ ಮಗು ಇದೆಯೇ ಎಂದು ಕೌಂಟರಿನಲ್ಲಿ ಯಾರು ಕೇಳುತ್ತಾರೆ?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸುಕ್ಕು, ಬಂಗು, ಕಪ್ಪು ಎಲ್ಲಕ್ಕೂ ಒಂದೇ ಎಂದು ಕೊಡುವ ‘ಮೂರು ಸೇರಿದ’ ಟ್ಯೂಬು. ಅದರಲ್ಲಿ ಟ್ರೆಟಿನಾಯಿನ್ ಜೊತೆ ಹೈಡ್ರೋಕ್ವಿನೋನ್ ಮತ್ತು ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಇಂಥ ಮಿಶ್ರಣಕ್ಕೆ ದಾರಿ ಹಾಕಿಕೊಟ್ಟವರಲ್ಲೂ ಅದೇ ಕ್ಲಿಗ್‌ಮನ್ ಒಬ್ಬರು, 1975ರಲ್ಲಿ. ಚರ್ಮವೈದ್ಯರು ಇದನ್ನು ಬಂಗಿಗೆ ಬರೆಯುತ್ತಾರೆ, ಕೆಲವು ವಾರಗಳ ಮಟ್ಟಿಗೆ, ಕಣ್ಣಿಟ್ಟು. ನಮ್ಮ ಕಡೆ ಅದನ್ನೇ ಪೌಡರಿನಂತೆ ವರ್ಷಗಟ್ಟಲೆ ಹಚ್ಚುವವರಿದ್ದಾರೆ. ಸ್ಟೀರಾಯ್ಡ್‌ನಿಂದ ಮೊದಲ ಕೆಲವು ದಿನ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ, ಮುಖದಲ್ಲಿ ಕೂದಲು ಬರುತ್ತವೆ. ನಿಲ್ಲಿಸಿದರೆ ಉರಿ, ಕೆಂಪು ಇನ್ನೂ ಹೆಚ್ಚು. ಸುಕ್ಕು ಹೋಗಲಿ ಎಂದು ಕಾಸು ಕೊಟ್ಟವರು ತೆಳ್ಳಗಾದ ಚರ್ಮ ಕೊಂಡು ಬಂದ ಹಾಗಾಯಿತು.

‘ಹಳ್ಳಿ ಕಡೆ ಚರ್ಮದ ಡಾಕ್ಟರ್ ಎಲ್ಲಿದ್ದಾರೆ? ನಾವೂ ಕೊಡದಿದ್ದರೆ ಜನ ಎಲ್ಲಿಗೆ ಹೋಗಬೇಕು?’ ಎಂದು ಅಂಗಡಿಯವರು ಕೇಳುತ್ತಾರೆ. ಪ್ರಶ್ನೆಯ ಅರ್ಧ ಸರಿ. ಡಾಕ್ಟರ್ ಇಲ್ಲದಿರುವುದು ನಿಜ. ಆದರೆ ಡಾಕ್ಟರ್ ದೂರ ಇರುವ ಕಡೆಯೇ ಇಂಥ ಔಷಧ ಹೆಚ್ಚು ಅಪಾಯ, ಯಾಕೆಂದರೆ ಮುಖ ಕೆಟ್ಟ ಮೇಲೂ ತೋರಿಸಲು ಯಾರೂ ಹತ್ತಿರವಿಲ್ಲ. ಇನ್ನು ಕಾನೂನು ಸ್ಪಷ್ಟವಾಗಿದೆ. ಹಚ್ಚುವ ಸ್ಟೀರಾಯ್ಡ್‌ಗಳಿಗಿದ್ದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ತೆಗೆದು, ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಪೂರ್ತಿ ಸೇರಿಸಿತು. ಕಾಗದದ ಮೇಲಿನ ಈ ನಿಯಮ ಊರಿನ ಮೆಡಿಕಲ್ ಶಾಪಿಗೆ ಯಾವಾಗ ಬರುತ್ತದೆ?

ಹಾಗಾಗಿ ನಮ್ಮ ಬೇಡಿಕೆ ಎರಡು. ಔಷಧ ಪರಿವೀಕ್ಷಕರು ಹೋಬಳಿ ಮಟ್ಟದ ಅಂಗಡಿಗಳಲ್ಲೂ ಈ ಟ್ಯೂಬುಗಳ ಬಿಲ್ಲು, ಚೀಟಿ ನೋಡಬೇಕು. ಅದರ ಜೊತೆಗೇ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಚರ್ಮವೈದ್ಯರು ಸಿಗಬೇಕು. ಎರಡನೆಯದು ಇಲ್ಲದೆ ಮೊದಲನೆಯದನ್ನಷ್ಟೇ ಮಾಡಿದರೆ ವ್ಯಾಪಾರ ಕಳ್ಳದಾರಿ ಹಿಡಿಯುತ್ತದೆ.

ಅಲ್ಲಿಯವರೆಗೆ, ಓದುಗರೇ, ಮನೆಯಲ್ಲಿರುವ ಟ್ಯೂಬನ್ನು ಈಗಲೇ ತಿರುಗಿಸಿ ನೋಡಿ. ಇಂಗ್ಲಿಷಿನ ಆರ್ ಅಕ್ಷರದ ಕಾಲಿಗೆ ಎಕ್ಸ್ ಸೇರಿದ ಗುರುತು ಇದ್ದರೆ ಅದು ಚೀಟಿಯ ಔಷಧ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಸ್ಟೀರಾಯ್ಡ್. ಬಹಳ ದಿನದಿಂದ ಹಚ್ಚುತ್ತಿದ್ದರೆ ತಟ್ಟನೆ ನೀವೇ ನಿಲ್ಲಿಸಬೇಡಿ. ಟ್ಯೂಬನ್ನು ಕೈಯಲ್ಲೇ ಹಿಡಿದು ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಬಸ್ಸಿಗೆ ದುಡ್ಡಿಲ್ಲದಿದ್ದರೆ ಫೋನಿನಲ್ಲೇ ಸರ್ಕಾರದ ಉಚಿತ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಕೇಳಿ. ಹೊಲಕ್ಕೆ ಹೋಗುವಾಗ ತಲೆಗೆ ಅಗಲ ಅಂಚಿನ ಟೋಪಿ, ಮುಖಕ್ಕೆ ಅಡ್ಡ ಸೆರಗು ಇರಲಿ. ಸುಕ್ಕು ತಡೆಯಲು ಇದಕ್ಕೆ ಯಾವ ಚೀಟಿಯೂ ಬೇಡ.