ಆಟೋದವನು ಶಾಲು ತಗೊಳ್ಳಲ್ಲ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾವಿರ ಹಾಡುಗಳಿವೆ. ದುಡ್ಡು ಕೊಟ್ಟು ತಂದವು ಇನ್ನೂರು ಇದ್ದರೆ ಹೆಚ್ಚು. ಮಿಕ್ಕವೆಲ್ಲ ಹಾಸ್ಟೆಲಿನ ಹಾರ್ಡ್ ಡಿಸ್ಕು, ಮೆಜೆಸ್ಟಿಕ್ ಫುಟ್‌ಪಾತಿನ ಎಂಪಿತ್ರೀ ಸೀಡಿ, ಆಫೀಸಿನಲ್ಲಿ ಕೈಯಿಂದ ಕೈಗೆ ದಾಟುವ ಪೆನ್ ಡ್ರೈವುಗಳಿಂದ ಬಂದವು. ಹಾಗಾಗಿ ಇಲ್ಲಿ ಬೈಸಿಕೊಳ್ಳುವವರ ಸಾಲಿನಲ್ಲಿ ಮೊದಲನೆಯವನು ನಾನೇ.

ಈ ವಿಷಯ ಎತ್ತಿದಾಗಲೆಲ್ಲ ಗೆಳೆಯರು ಹೇಳೋದು ಒಂದೇ: ‘ಲೋ, ನೀನು ಕೊಡೋ ದುಡ್ಡು ಕಲಾವಿದರಿಗೆ ಎಲ್ಲಿ ಹೋಗುತ್ತೆ? ಎಲ್ಲಾ ಆಡಿಯೋ ಕಂಪನಿ ಹೊಟ್ಟೆಗೆ.’

ಇದರಲ್ಲಿ ಅರ್ಧ ನಿಜ. ನಿರ್ಮಾಪಕ ದುಡ್ಡು ಕೊಟ್ಟು ಚಿತ್ರಕ್ಕಾಗಿ ಮಾಡಿಸಿಕೊಂಡ ಸಂಗೀತ, ಸಾಹಿತ್ಯದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕನದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರೆದವರು, ರಾಗ ಹಾಕಿದವರು ಒಂದೇ ಸಲಕ್ಕೆ ಒಂದಿಷ್ಟು ದುಡ್ಡು ತಗೊಂಡು ಸಹಿ ಹಾಕಿ ಬರುವುದೇ ರೂಢಿಯಾಯಿತು. ಹಾಡು ಮೂವತ್ತು ವರ್ಷ ಓಡಿದರೂ ಅವರಿಗೆ ದಕ್ಕಿದ್ದು ಆವತ್ತು ದಕ್ಕಿದ್ದೇ. ತಬಲಾ, ಕೊಳಲು ನುಡಿಸಿದವರದ್ದಂತೂ ಕಾಲ್‌ಶೀಟ್ ಲೆಕ್ಕ. ಎಷ್ಟೋ ಸಲ ಕ್ಯಾಸೆಟ್ಟಿನ ಮೇಲೆ ಅವರ ಹೆಸರೂ ಇರುತ್ತಿರಲಿಲ್ಲ.

ಸರಿ, ಉಳಿದರ್ಧ? ದಲ್ಲಾಳಿ ರೈತನಿಗೆ ಮೋಸ ಮಾಡ್ತಾನೆ ಅಂತ ನಾವು ಎಪಿಎಂಸಿ ಯಾರ್ಡಿಗೆ ಹೋಗಿ ಟೊಮೇಟೊ ಕದ್ದು ತರೋದಿಲ್ಲ. ತಂದು, ‘ಇದು ರೈತಪರ ಹೋರಾಟ’ ಅಂತಲೂ ಹೇಳಿಕೊಳ್ಳೋದಿಲ್ಲ.

ಅದೂ ಅಲ್ಲದೆ, 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಜಾವೇದ್ ಅಖ್ತರ್ ಇದಕ್ಕಾಗಿ ರಾಜ್ಯಸಭೆಯಲ್ಲೇ ದನಿ ಎತ್ತಿದ್ದರು. ಥಿಯೇಟರಿನಲ್ಲಿ ಸಿನಿಮಾ ಜೊತೆ ಓಡುವುದೊಂದನ್ನು ಬಿಟ್ಟು ಬೇರೆಲ್ಲೇ ಹಾಡು ಬಳಕೆಯಾದರೂ ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಲ್ಟಿಯಲ್ಲಿ ಸಮಪಾಲು ಸಲ್ಲಬೇಕು. ಆ ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಯಾರಾದರೂ ಬರೆಸಿಕೊಂಡರೂ ಅದು ನಡೆಯೋದಿಲ್ಲ. ಅಂದರೆ ಕಾನೂನು ಅವರಿಗೆ ಪಾಲು ಕೊಡುವ ಹೊತ್ತಿಗೆ ಸರಿಯಾಗಿ ನಾವು ದುಡ್ಡು ಕೊಡುವುದನ್ನೇ ನಿಲ್ಲಿಸಿ ಕೂತಿದ್ದೇವೆ. ಸೊನ್ನೆಯಲ್ಲಿ ಅರ್ಧ ಎಷ್ಟು ಅಂತ ಇಂಜಿನಿಯರುಗಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡನೇ ವಾದ: ‘ಕಮ್ಮಿ ರೇಟಿಗೆ, ಸುಲಭವಾಗಿ ಸಿಕ್ಕಿದ್ರೆ ಖಂಡಿತ ತಗೋತೀವಿ.’ ಹೌದಾ? ನಮ್ಮ ಬೆಂಗಳೂರಿನದೇ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಅಂತ ಹಾಡಿನ ಅಂಗಡಿ ತೆರೆಯಿತು. ಒಂದು ಮಸಾಲೆ ದೋಸೆಗಿಂತ ಕಡಿಮೆ ಬೆಲೆಗೆ ಒಂದು ಹಾಡು, ಇಳಿಸಿಕೊಂಡು ಯಾವ ಪ್ಲೇಯರಿಗೆ ಬೇಕಾದರೂ ಹಾಕಿಕೊಳ್ಳಬಹುದಾಗಿತ್ತು. 2013ರಲ್ಲಿ ಅದು ಬಾಗಿಲು ಹಾಕಿತು. ಅದೇ ಆಗ ಕಾಲರ್ ಟ್ಯೂನಿಗೆ ತಿಂಗಳು ತಿಂಗಳು ದುಡ್ಡು ಕತ್ತರಿಸಿಕೊಂಡರೂ ನಾವು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಫೋನ್ ಮಾಡಿದವರಿಗೆ ಕೇಳಿಸಲು ಕಾಸು ಬಿಚ್ಚುತ್ತಿದ್ದೆವು, ನಾವು ಕೇಳಲು ಬಿಚ್ಚುತ್ತಿರಲಿಲ್ಲ. ಹಾಗಾದರೆ ತೊಂದರೆ ಇರುವುದು ರೇಟಿನಲ್ಲಂತೂ ಅಲ್ಲ.

ಮೂರನೆಯದು ಎಲ್ಲಕ್ಕಿಂತ ಜಾಣ ವಾದ: ‘ಹಾಡು ಫ್ರೀ ಇರ್ಲಿ, ಕಲಾವಿದರು ಸ್ಟೇಜ್ ಶೋ ಮಾಡಿ ದುಡೀಲಿ.’ ಗೀತೆ ಬರೆದ ಕವಿ ಯಾವ ಶೋ ಮಾಡಬೇಕು ಸ್ವಾಮಿ? ಕೋರಸ್ ಹಾಡಿದವರನ್ನು ಯಾರು ಕರೆಯುತ್ತಾರೆ? ಹೋಗಲಿ, ಕರೆಯುವವರು ತಾನೇ ಏನು ಕೊಡುತ್ತೇವೆ?

ಹೋದ ನವೆಂಬರಿನಲ್ಲಿ ನಮ್ಮ ಆಫೀಸಿನ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ನಾನೂ ಕಮಿಟಿಯಲ್ಲಿದ್ದೆ. ಶಾಮಿಯಾನ, ಲೈಟು, ಸೌಂಡು, ಹೋಳಿಗೆ ಊಟ ಎಲ್ಲಕ್ಕೂ ಬಜೆಟ್ ಇತ್ತು. ಹಾಡುವವರು, ನುಡಿಸುವವರ ಹೆಸರಿನ ಮುಂದೆ ಬರೆದದ್ದು: ಶಾಲು, ಹಾರ, ಮೆಮೆಂಟೊ. ತಬಲಾದವರಿಗೆ ಫೋನ್ ಮಾಡಿದ್ದು ನಾನು. ‘ಕನ್ನಡದ ಕೆಲಸ ಸಾರ್, ನಿಮಗೂ ಒಳ್ಳೇ ಪಬ್ಲಿಸಿಟಿ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಅಂದರು: ‘ಬರ್ತೀನಿ ಸಾರ್. ಆದ್ರೆ ತಬಲಾ ಹೊತ್ಕೊಂಡು ಎರಡು ಬಸ್ಸು ಬದಲಾಯ್ಸಕ್ಕಾಗಲ್ಲ. ಆಟೋದವನು ಶಾಲು ತಗೊಳ್ಳಲ್ಲ.’

ಆಟೋ ದುಡ್ಡು ಕೊಟ್ಟೆವು. ಕೊಟ್ಟು, ದೊಡ್ಡ ಮನಸ್ಸಿನವರು ನಾವು ಅಂದುಕೊಂಡೆವು. ಆದರೆ ಸೌಂಡ್ ಸಿಸ್ಟಮ್ಮಿನವನಿಗೆ ವಾರದ ಮೊದಲೇ ಅಡ್ವಾನ್ಸ್ ಹೋಗಿತ್ತು. ಅವನ ಹತ್ತಿರ ‘ಕನ್ನಡದ ಕೆಲಸ’ ಅನ್ನುವ ಮಾತು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ಜೋರಾಗಿ ಕೇಳಿಸುವವನಿಗೆ ದುಡ್ಡು, ನುಡಿಸುವವನಿಗೆ ಚಪ್ಪಾಳೆ. ನಾನೇ ಬಿಟ್ಟಿ ಮಾಡಿಸಿಕೊಂಡ ಮೇಲೆ ‘ಸ್ಟೇಜ್ ಶೋ ಮಾಡಿ ದುಡೀಲಿ’ ಅನ್ನಲು ನನಗೆ ಯಾವ ಬಾಯಿದೆ?

ಹಾಡಿಗೆ ಬೆಲೆ ಕಟ್ಟಲಾಗುವುದಿಲ್ಲ ಅಂತ ವೇದಿಕೆ ಮೇಲೆ ಭಾಷಣ ಮಾಡುತ್ತೇವಲ್ಲ, ಅದನ್ನು ಸ್ವಲ್ಪ ನಿಲ್ಲಿಸೋಣ. ಬೆಲೆ ಕಟ್ಟಬಹುದು. ಮನೆ ಬಾಡಿಗೆ, ಮಕ್ಕಳ ಫೀಸು, ತಬಲಾದ ಚರ್ಮ ಬದಲಾಯಿಸುವ ಖರ್ಚು, ಎಲ್ಲಕ್ಕೂ ಲೆಕ್ಕ ಇದೆ.

ಈ ಸಲ ಕಮಿಟಿಯಲ್ಲಿ ಜಗಳ ಆಡಿಯೇ ಒಂದು ಮಾತು ಒಪ್ಪಿಸಿದ್ದೇನೆ: ಬಜೆಟ್ಟಿನ ಮೊದಲ ಸಾಲು ಕಲಾವಿದರ ಸಂಭಾವನೆ. ಉಳಿದ ದುಡ್ಡಿಗೆ ಎಷ್ಟು ಶಾಮಿಯಾನ ಬರುತ್ತೋ ಅಷ್ಟು. ಇನ್ನು ಲ್ಯಾಪ್‌ಟಾಪಿನ ಪಾಪಕ್ಕೆ, ತಿಂಗಳಿಗೊಂದು ಸೀಡಿ ಕೊಂಡು ತರುತ್ತಿದ್ದೇನೆ. ಸೀಡಿಗೆ ಹತ್ತು ಹಾಡು ಅಂದರೂ ನನ್ನ ಸಾಲ ತೀರಲು 30 ವರ್ಷ ದಾಟುತ್ತದೆ. ನೀವೂ ಒಮ್ಮೆ ನಿಮ್ಮ ಲೆಕ್ಕ ಹಾಕಿ ನೋಡಿ.